ಬೆರಳ ತುದಿಯ ಮೇಲೆ ವಿಮಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ, ರೇಡಿಯೋ ಕಂಟ್ರೋಲ್ ವಿಮಾನಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ, ಖುಷಿಯಾಯಿತು. ಎಲ್ಲಕ್ಕೂ ಇಲ್ಲಿ ಉತ್ತರ ಕೊಡಲು ಜಾಗ ಸಾಲದು, ಹಾಗಾಗಿ ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ. ಜಾಸ್ತಿ ಪತ್ರಗಳಲ್ಲಿ ಇದ್ದದ್ದು "ಯಾವ ವಿಮಾನ ಕೊಳ್ಳಲಿ?" ಎಂಬ ಪ್ರಶ್ನೆ. ಮೊದಲನೆಯದನ್ನು ಕೊಳ್ಳಬೇಡಿ, ನೀವೇ ಮಾಡಿ. ಇದು ನನ್ನ ಉತ್ತರ. ಯಾಕೆ ಅಂತ ಮೊದಲ ಪತ್ರದಲ್ಲೇ ಹೇಳುತ್ತೇನೆ.

ಸರ್, ನಾನು ದ್ವಿತೀಯ ಪಿಯುಸಿ. ಎರಡು ವರ್ಷ ಕೂಡಿಟ್ಟ 10,000 ರೂಪಾಯಿ ನನ್ನ ಹತ್ತಿರ ಇದೆ. ಅಂಗಡಿಯಲ್ಲಿ ರೆಡಿ ವಿಮಾನ ನೋಡಿದೆ, ಡಬ್ಬಿ ಬಿಚ್ಚಿ ಹಾರಿಸಬಹುದು ಅಂತಾರೆ. ತಗೊಳ್ಳಲಾ? – ಒಬ್ಬ ವಿದ್ಯಾರ್ಥಿ, ತುಮಕೂರು

ಬೇಡ ತಮ್ಮಾ. ರೆಡಿ ವಿಮಾನ ಕೆಟ್ಟದ್ದು ಅಂತಲ್ಲ, ಚೆನ್ನಾಗಿಯೇ ಹಾರುತ್ತದೆ. ತೊಂದರೆ ಶುರುವಾಗುವುದು ಅದು ಬಿದ್ದಾಗ. ಕಲಿಯುವಾಗ ಎಲ್ಲರ ವಿಮಾನವೂ ಬೀಳುತ್ತದೆ, ನಿನ್ನದೂ ಬೀಳುತ್ತದೆ. ರೆಕ್ಕೆ ಮುರಿದರೆ ಅದೇ ಕಂಪನಿಯ ಅದೇ ಮಾಡೆಲ್ಲಿನ ರೆಕ್ಕೆ ಬೇಕು. ಅದು ಊರಲ್ಲಿ ಸಿಗಲ್ಲ, ತರಿಸಿದರೆ ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಹುಮ್ಮಸ್ಸು ಇಳಿದು ವಿಮಾನ ಅಟ್ಟ ಸೇರುತ್ತದೆ. ಇಂಥ ಎಷ್ಟೋ ವಿಮಾನಗಳನ್ನು ಅಟ್ಟದ ಮೇಲೆ ನೋಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿದಿದೆ. ನೀನೇ ಫೋಮ್ ಬೋರ್ಡಿನಲ್ಲಿ ಮಾಡಿದ ವಿಮಾನ ಭಾನುವಾರ ಬೆಳಗ್ಗೆ ಬಿದ್ದರೆ, ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ಹಾರಲು ತಯಾರಾಗಿರುತ್ತದೆ. ಯಾವ ತುಂಡು ಎಲ್ಲಿ ಅಂಟಿದೆ ಅಂತ ನಿನಗೆ ಗೊತ್ತಲ್ವಾ, ಅದಕ್ಕೆ.

ದುಡ್ಡಿನಲ್ಲಿ ಹತ್ತಿರ ಹತ್ತಿರ ಅರ್ಧ ರೇಡಿಯೋಗೆ, ಅಂದರೆ ಕೈಯಲ್ಲಿ ಹಿಡಿಯುವ ರಿಮೋಟಿಗೆ, ಹೋಗಲಿ. ನಮ್ಮ ಕಡೆ ಹೊಸಬರು ಹೆಚ್ಚಾಗಿ ಹಿಡಿಯುವುದು ಫ್ಲೈಸ್ಕೈ ಐ6 ಥರದ ಆರು ಚಾನೆಲ್ಲಿನ ಟ್ರಾನ್ಸ್‌ಮಿಟರ್. ವಿಮಾನಗಳು ಬರುತ್ತವೆ ಹೋಗುತ್ತವೆ, ರೇಡಿಯೋ ವರ್ಷಗಟ್ಟಲೆ ಕೈಯಲ್ಲಿರುತ್ತದೆ, ಅದಕ್ಕೆ ಅಲ್ಲಿ ಜಿಪುಣತನ ಬೇಡ. ಉಳಿದ ಅರ್ಧದಲ್ಲಿ 2212 ಸೈಜಿನ 1000 ಕೆವಿ ಬ್ರಷ್‌ಲೆಸ್ ಮೋಟರ್, 30 ಆಂಪಿನ ಇಎಸ್‌ಸಿ (ಮೋಟರಿನ ವೇಗ ಹಿಡಿತದಲ್ಲಿಡುವ ಸರ್ಕ್ಯೂಟ್), 10 ಇಂಚಿನ ಪ್ರೊಪೆಲರ್ ಎರಡು (ಒಂದು ಮುರಿದೇ ಮುರಿಯುತ್ತದೆ), 9 ಗ್ರಾಂ ಸರ್ವೋ (ಬಾಲದ ಪಟ್ಟಿಗಳನ್ನು ಅಲ್ಲಾಡಿಸುವ ಪುಟ್ಟ ಮೋಟರ್) ಮೂರು, 3ಎಸ್ (ಅಂದರೆ ಮೂರು ಸೆಲ್ಲಿನ) 2200 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ಸೆಲ್ಲುಗಳನ್ನೆಲ್ಲ ಸಮವಾಗಿ ತುಂಬುವ ಒಂದು ಬ್ಯಾಲೆನ್ಸ್ ಚಾರ್ಜರ್. ಕೆವಿ ಅಂದರೆ ಇಲ್ಲಿ ಕಿಲೋವೋಲ್ಟ್ ಅಲ್ಲ. ಒಂದು ವೋಲ್ಟ್ ಕೊಟ್ಟರೆ ಮೋಟರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. 11.1 ವೋಲ್ಟಿನ ಬ್ಯಾಟರಿಗೆ 1000 ಕೆವಿ ಮೋಟರ್, ಪ್ರೊಪೆಲರ್ ಇಲ್ಲದೆ, 11,000 ಸುತ್ತಿಗೂ ಸ್ವಲ್ಪ ಜಾಸ್ತಿ.

ವಿಮಾನದ ಅಳತೆ ಹೀಗಿಟ್ಟುಕೋ. ರೆಕ್ಕೆ ಈ ತುದಿಯಿಂದ ಆ ತುದಿಗೆ 1.2 ಮೀಟರ್, ಅಗಲ 20 ಸೆಂ.ಮೀ. ರೆಕ್ಕೆ ಬಾಡಿಯ ಮೇಲೆ ಕೂರಬೇಕು, ಕೆಳಗಲ್ಲ. ಎರಡೂ ತುದಿ ನಡುವಿಗಿಂತ 5 ಸೆಂ.ಮೀ.ನಷ್ಟು ಮೇಲೆ ಎದ್ದಿರಲಿ, ಹದ್ದು ತೇಲುವಾಗ ರೆಕ್ಕೆ ಹಿಡಿಯುತ್ತದಲ್ಲ, ಆ ಥರ. ಹೀಗಿದ್ದರೆ ವಿಮಾನ ಒಂದು ಕಡೆ ವಾಲಿದರೂ ಕೈಬಿಟ್ಟ ಕೂಡಲೇ ತಾನೇ ಸರಿಯಾಗಲು ನೋಡುತ್ತದೆ. ಮೊದಲ ವಿಮಾನಕ್ಕೆ ಐಲರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಲ್ಲಾಡುವ ಪಟ್ಟಿ) ಕೂಡ ಬೇಡ, ಬಾಲದಲ್ಲಿ ಎಡ ಬಲ ತಿರುಗಿಸುವ ರಡರ್ ಮತ್ತು ಮೂತಿ ಏರಿಸಿ ಇಳಿಸುವ ಎಲಿವೇಟರ್ ಸಾಕು. ಮೂರನೇ ಸರ್ವೋ ಸ್ಪೇರ್ ಆಗಿರಲಿ.

ಇನ್ನು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಅಮ್ಮನನ್ನು ಕೇಳಿ ಈಸಿಕೋ. ಬ್ಯಾಟರಿ ಸುಮಾರು 180 ಗ್ರಾಂ, ಮೋಟರ್ 50, ಇಎಸ್‌ಸಿ 25, ಎರಡು ಸರ್ವೋ 18, ರಿಸೀವರ್ ಮತ್ತು ಪ್ರೊಪೆಲರ್ ಸೇರಿ 30. ಒಟ್ಟು 300 ಗ್ರಾಂ ಆಗಿಹೋಯಿತು. ಪೂರ್ತಿ ವಿಮಾನ 700 ಗ್ರಾಂ ಒಳಗೆ ನಿಲ್ಲಬೇಕಾದರೆ ಫೋಮ್, ಬಿದಿರು ಕಡ್ಡಿ, ಅಂಟು, ಟೇಪು ಎಲ್ಲ ಸೇರಿ 400 ಗ್ರಾಂ ದಾಟಬಾರದು. ಹೊಸಬರು ತಪ್ಪುವುದು ಅಂಟಿನಲ್ಲಿ. ಗ್ಲೂ ಗನ್ನಿನಿಂದ ಸುರಿದದ್ದೇ ಸುರಿದದ್ದು, ಗಟ್ಟಿಯಾಗಲಿ ಅಂತ. ಒಂದು ಕಡ್ಡಿ ಕರಗಿಸಿ ಹಾಕಿದರೆ ಅಷ್ಟೂ ತೂಕ ವಿಮಾನದ ಮೇಲೆಯೇ ಇರುತ್ತದೆ, ಆವಿಯಾಗಿ ಎಲ್ಲೂ ಹೋಗಲ್ಲ. ತೆಳ್ಳಗೆ ಎಳೆದು ಒತ್ತಿ ಹಿಡಿದರೆ ಅಷ್ಟೇ ಗಟ್ಟಿ ಬರುತ್ತದೆ.

ಫೋಮ್ ಬೋರ್ಡ್ ದೊಡ್ಡ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಸನ್‌ಪ್ಯಾಕ್ ಶೀಟ್ (ಜಾಹೀರಾತು ಬೋರ್ಡಿನ ಟೊಳ್ಳು ಪ್ಲಾಸ್ಟಿಕ್ ಹಾಳೆ) ಬೇಕಾದರೆ ಬೋರ್ಡ್ ಬರೆಯುವವರ ಹತ್ತಿರ ಹೋಗು, ತುಂಡುಗಳನ್ನು ಸುಮ್ನೆ ಕೊಟ್ಟುಬಿಡುತ್ತಾರೆ. ಅದು ಗಟ್ಟಿ, ಆದರೆ ಭಾರ. ಹೊಟ್ಟೆಯ ಕೆಳಗೆ ಒಂದು ಪಟ್ಟಿ ಅಂಟಿಸಿದರೆ ನೆಲಕ್ಕೆ ಉಜ್ಜಿದಾಗ ಫೋಮ್ ಹರಿಯುವುದಿಲ್ಲ. ಪೂರ್ತಿ ವಿಮಾನವನ್ನೇ ಅದರಲ್ಲಿ ಮಾಡಬೇಡ.

ಬೇಕಾದದ್ದೆಲ್ಲ ಅಳತೆ ಪ್ರಕಾರವೇ ಮಾಡಿದೆ. ಕೈಯಿಂದ ಎಸೆದ ತಕ್ಷಣ ವಿಮಾನ ಮೂತಿ ಎತ್ತಿ ಮೇಲೆ ಹೋಗುತ್ತದೆ, ಅಲ್ಲೇ ನಿಂತ ಹಾಗಾಗುತ್ತದೆ, ಆಮೇಲೆ ಒಂದು ಪಕ್ಕಕ್ಕೆ ಮಗುಚಿ ಬೀಳುತ್ತದೆ. ಮೂರು ಸಲ ಹೀಗೇ ಆಯಿತು. ಮೋಟರ್ ಶಕ್ತಿ ಸಾಲದಾ? – ಹಾಸನದ ಒಬ್ಬ ಓದುಗರು

ಮೋಟರ್ ಅಲ್ಲ. ನಿಮ್ಮ ವಿಮಾನದ ಬಾಲ ಭಾರ ಇದೆ. ನೋಡದೆಯೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ನೀವು ಬರೆದಿರುವ ಒಂದೊಂದು ಮಾತೂ ಅದನ್ನೇ ಹೇಳುತ್ತಿದೆ.

ಈಗ ಪತ್ರಿಕೆ ಪಕ್ಕಕ್ಕಿಟ್ಟು ವಿಮಾನ ತನ್ನಿ. ಬ್ಯಾಟರಿ ಒಳಗೆ ಇರಬೇಕು, ಹಾರುವಾಗ ಏನೇನು ಇರುತ್ತದೋ ಎಲ್ಲವೂ ಇರಬೇಕು. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ ಅಳೆದು, 20 ಸೆಂ.ಮೀ. ಅಗಲದ ರೆಕ್ಕೆಯಾದರೆ 5 ಸೆಂ.ಮೀ.ಗೆ ಒಂದು ಗೆರೆ, ಆರೂವರೆಗೆ ಒಂದು ಗೆರೆ, ಎರಡೂ ಬದಿ ಪೆನ್ನಿನಲ್ಲಿ ಎಳೆಯಿರಿ. ರೆಕ್ಕೆಯ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದ ತನಕ ಅಂತ ಲೆಕ್ಕ. ಈಗ ಎರಡು ತೋರುಬೆರಳ ತುದಿಯನ್ನು ಆ ಎರಡು ಗೆರೆಗಳ ನಡುವೆ ರೆಕ್ಕೆಯ ಕೆಳಗಿಟ್ಟು ಮೆಲ್ಲಗೆ ಎತ್ತಿ. ವಿಮಾನ ಮಟ್ಟಸವಾಗಿ ನಿಂತರೆ ಸರಿ. ಮೂತಿ ಒಂಚೂರು ಕೆಳಗೆ ಬಾಗಿದರೆ ಇನ್ನೂ ಒಳ್ಳೆಯದು. ಬಾಲ ಕೆಳಗೆ ಹೋಯಿತೋ, ಎಸೆಯಲೇ ಬೇಡಿ. ನಿಮ್ಮದು ಹಾಗೇ ಹೋಗುತ್ತದೆ ನೋಡಿ.

ಏನಾಗುತ್ತಿದೆ ಅಂದರೆ, ಭಾರದ ನಡು ಹಿಂದೆ ಇರುವುದರಿಂದ ಮೂತಿ ಮೇಲೇಳುತ್ತದೆ, ವೇಗ ತಗ್ಗುತ್ತದೆ, ರೆಕ್ಕೆಯ ಮೇಲಿನ ಗಾಳಿ ಅಂಟಿಕೊಂಡು ಹರಿಯುವುದು ಬಿಟ್ಟು ಕಿತ್ತುಕೊಂಡು ಹೋಗುತ್ತದೆ. ಅಲ್ಲಿಗೆ ರೆಕ್ಕೆ ಎತ್ತುವ ಕೆಲಸ ನಿಲ್ಲಿಸುತ್ತದೆ. ಇದಕ್ಕೇ ಸ್ಟಾಲ್ ಅನ್ನುವುದು. ಮಾಮೂಲಾಗಿ ಒಂದು ರೆಕ್ಕೆ ಇನ್ನೊಂದಕ್ಕಿಂತ ಮೊದಲು ಸೋಲುತ್ತದೆ, ಅದಕ್ಕೇ ಪಕ್ಕಕ್ಕೆ ಮಗುಚುತ್ತದೆ. ಆಗ ನಾವು ಗಾಬರಿಯಲ್ಲಿ ರೇಡಿಯೋ ಮೇಲಿನ ಎಲಿವೇಟರ್ ಕಡ್ಡಿಯನ್ನು ಇನ್ನಷ್ಟು ನಮ್ಮ ಕಡೆ ಎಳೆಯುತ್ತೇವೆ, ಅದು ಉರಿಯುವ ಬೆಂಕಿಗೆ ತುಪ್ಪ. ಎಳೆಯಬಾರದು, ಮುಂದಕ್ಕೆ ತಳ್ಳಬೇಕು. ಮೂತಿ ಇಳಿದರೆ ವೇಗ ಬರುತ್ತದೆ, ವೇಗ ಬಂದರೆ ರೆಕ್ಕೆ ಮತ್ತೆ ಹಿಡಿದುಕೊಳ್ಳುತ್ತದೆ.

ಸರಿ ಮಾಡುವುದು ಸುಲಭ, ತಕ್ಕಡಿಯ ಲೆಕ್ಕ ಅಷ್ಟೇ. ವಿಮಾನ 800 ಗ್ರಾಂ, ಭಾರದ ನಡು 2 ಸೆಂ.ಮೀ. ಹಿಂದೆ ಇದೆ ಅಂದುಕೊಳ್ಳಿ. 800ನ್ನು 2ರಿಂದ ಗುಣಿಸಿ, ಬ್ಯಾಟರಿಯ 180 ಗ್ರಾಂನಿಂದ ಭಾಗಿಸಿ. ಬ್ಯಾಟರಿಯನ್ನು ಸುಮಾರು 9 ಸೆಂ.ಮೀ. ಮುಂದೆ ಸರಿಸಿದರೆ ಸರಿಹೋಗುತ್ತದೆ. ಅಷ್ಟು ಜಾಗ ಇಲ್ಲದಿದ್ದರೆ ಮೂತಿಯಲ್ಲಿ ಸೀಸದ ತುಂಡು ಇಡಬೇಕಾಗುತ್ತದೆ, ಅದು ಕೊನೆಯ ದಾರಿ. ಅದಕ್ಕಿಂತ ಮೊದಲು ಬಾಲ ಹಗುರ ಮಾಡಿ. ಬಾಲ ರೆಕ್ಕೆಯಿಂದ 60 ಸೆಂ.ಮೀ. ಹಿಂದೆ, ಮೂತಿ 20 ಸೆಂ.ಮೀ. ಮುಂದೆ ಇದ್ದರೆ, ಬಾಲದಲ್ಲಿ ನೀವು ಜಾಸ್ತಿ ಹಾಕಿದ 10 ಗ್ರಾಂ ಅಂಟಿಗೆ ಮೂತಿಯಲ್ಲಿ 30 ಗ್ರಾಂ ದಂಡ ಕಟ್ಟಬೇಕು.

ಬಾಲ್ಸಾ ಎಂಬ ತುಂಬಾ ಹಗುರವಾದ ಮರದಲ್ಲಿ ಮಾಡಿದ ನನ್ನ ಮೊದಲ ವಿಮಾನ ಹೋದದ್ದು ಹೀಗೆಯೇ. ಎರಡು ತಿಂಗಳು ರಾತ್ರಿ ಕೂತು ಮಾಡಿದ್ದೆ, ಬಾಲಕ್ಕೆ ಎರಡು ಕೋಟ್ ಬಣ್ಣ ಬೇರೆ ಹೊಡೆದಿದ್ದೆ ಚೆಂದ ಕಾಣಲಿ ಅಂತ. ಹಿಂದಿನ ದಿನ ಬೆರಳ ಮೇಲೆ ನಿಲ್ಲಿಸಿ ನೋಡಿದ್ದೆ, ಆದರೆ ಬಣ್ಣ ಹೊಡೆಯುವ ಮುಂಚೆ. ನಾಲ್ಕು ಸೆಕೆಂಡು ಹಾರಿತು. ಅಂದಿನಿಂದ ಮೈದಾನದಲ್ಲಿ, ಎಸೆಯುವ ಮುಂಚೆ, ಪ್ರತಿ ಸಲ ಬೆರಳ ಮೇಲೆ ಎತ್ತಿ ನೋಡದೆ ಬಿಡುವುದಿಲ್ಲ. ನೂರನೇ ಹಾರಾಟ ಆದರೂ ಅಷ್ಟೇ.

ಥರ್ಮೋಕೋಲ್ ರೆಕ್ಕೆಗೆ ಫೆವಿಕ್ವಿಕ್ ಹಾಕಿದೆ. ಹೊಗೆ ಬಂದು ದೊಡ್ಡ ಗುಂಡಿ ಬಿತ್ತು! – ರಾಯಚೂರು

ಬೀಳುತ್ತದೆ. ಮಾಮೂಲಿ ಇನ್‌ಸ್ಟಂಟ್ ಅಂಟು ಥರ್ಮೋಕೋಲನ್ನು ತಿಂದುಹಾಕುತ್ತದೆ. ಸ್ಪ್ರೇ ಪೇಂಟ್ ಕೂಡ ಹಾಗೇ ಮಾಡುತ್ತದೆ. ಬಿಳಿ ಫೆವಿಕಾಲ್ ಹಚ್ಚಿ, ಪಿನ್ನು ಚುಚ್ಚಿ, ಮೇಲೆ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಗ್ಲೂ ಗನ್ ಬಳಸುವುದಾದರೆ ಅಂಟನ್ನು ಮೊದಲು ರಟ್ಟಿನ ಮೇಲೆ ಬಿಟ್ಟು ಸ್ವಲ್ಪ ಆರಿಸಿ ಆಮೇಲೆ ಹಚ್ಚಿ. ಗುಂಡಿ ಬಿದ್ದ ಜಾಗವನ್ನು ಚೌಕಾಕಾರವಾಗಿ ಕತ್ತರಿಸಿ ತೆಗೆದು ಅದೇ ಅಳತೆಯ ಹೊಸ ತುಂಡು ಕೂರಿಸಿದರೆ ರೆಕ್ಕೆ ಉಳಿಯುತ್ತದೆ, ಎಸೆಯಬೇಡಿ.

ನನ್ನ ಮಗ ವಿಮಾನದ ಬ್ಯಾಟರಿಯನ್ನು ರಾತ್ರಿ ಹಾಸಿಗೆ ಪಕ್ಕದಲ್ಲೇ ಚಾರ್ಜಿಗೆ ಹಾಕಿ ಮಲಗುತ್ತಾನೆ. ಒಂದು ಬ್ಯಾಟರಿ ಹಪ್ಪಳದ ಹಾಗೆ ಊದಿಕೊಂಡಿದೆ. ಫೋನ್ ಚಾರ್ಜ್ ಮಾಡಿದ ಹಾಗೇ ಅಮ್ಮಾ ಅನ್ನುತ್ತಾನೆ. ನಿಜವಾ? – ಒಬ್ಬ ತಾಯಿ, ಶಿವಮೊಗ್ಗ

ನಿಜ ಅಲ್ಲ ಅಕ್ಕಾ. ನೀವು ಕೇಳಿದ್ದು ಒಳ್ಳೆಯದಾಯಿತು. ಈ ಉತ್ತರವನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿ.

ಫೋನಿನ ಬ್ಯಾಟರಿಗೆ ಒಳಗೇ ಕಾವಲು ಸರ್ಕ್ಯೂಟ್ ಇರುತ್ತದೆ, ತುಂಬಿದ ಮೇಲೆ ತಾನೇ ನಿಲ್ಲಿಸುತ್ತದೆ. ವಿಮಾನದ ಲಿಪೋಗೆ ಅದು ಇರುವುದಿಲ್ಲ. ಒಂದೇ ಗಳಿಗೆಯಲ್ಲಿ ತುಂಬಾ ಕರೆಂಟ್ ಕೊಡಬೇಕು, ತೂಕವೂ ಕಮ್ಮಿ ಇರಬೇಕು, ಅದಕ್ಕೆ ಎಲ್ಲ ಬಿಚ್ಚಿಟ್ಟಿರುತ್ತಾರೆ. 2200 ಎಂಎಎಚ್, 25 ಸಿ ಅಂತ ಬರೆದಿದ್ದರೆ 2.2 ಆಂಪಿನ 25 ಪಟ್ಟು, ಅಂದರೆ 55 ಆಂಪ್ ತನಕ ಕೊಡಬಲ್ಲದು ಅಂತ ಅರ್ಥ. ಅಷ್ಟು ಶಕ್ತಿ ಅಂಗೈ ಅಗಲದ ಪೊಟ್ಟಣದಲ್ಲಿ. ಜಾಸ್ತಿ ತುಂಬಿದರೆ, ಒತ್ತಿ ಹೋದರೆ, ತೂತಾದರೆ ಹೊಗೆ ಮತ್ತು ಬೆಂಕಿ, ಸೆಕೆಂಡುಗಳಲ್ಲಿ. ಹಾಸಿಗೆ ಪಕ್ಕ ಬೇಡವೇ ಬೇಡ.

ಊದಿದ ಬ್ಯಾಟರಿಯನ್ನು ಇವತ್ತೇ ಮನೆಯಿಂದ ಹೊರಗೆ, ಮಣ್ಣಿನ ಮೇಲೆ ಇಡಿ. ಮತ್ತೆ ಚಾರ್ಜ್ ಮಾಡಬಾರದು, ಚುಚ್ಚಬಾರದು, ಒತ್ತಿ ಗಾಳಿ ತೆಗೆಯಲು ನೋಡಬಾರದು. ಕಾರಿನ 12 ವೋಲ್ಟಿನ ಒಂದು ಬಲ್ಬಿಗೆ ವೈರ್ ಕಟ್ಟಿ, ಹೊರಗೇ, ಪೂರ್ತಿ ಆರುವ ತನಕ ಬಿಟ್ಟು, ಆಮೇಲೆ ವೈರುಗಳ ತುದಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಗಾಡಿಗೆ ಹಾಕಬೇಡಿ, ಅಲ್ಲಿ ಕೈ ಹಾಕಿ ಕಸ ಆರಿಸುವವರು ಇರುತ್ತಾರೆ.

ಮುಂದಕ್ಕೆ ಮನೆಯಲ್ಲಿ ಒಂದು ನಿಯಮ ಮಾಡಿ. ಚಾರ್ಜಿಂಗ್ ಹಗಲಲ್ಲಿ, ಯಾರಾದರೂ ಎಚ್ಚರ ಇದ್ದಾಗ, ಟೈಲ್ಸ್ ಅಥವಾ ಕಲ್ಲಿನ ಮೇಲೆ. ನಾನು ಹಳೇ ಮಣ್ಣಿನ ಮಡಕೆಯೊಳಗೆ ಇಟ್ಟು ಚಾರ್ಜ್ ಮಾಡುತ್ತೇನೆ, ಪಕ್ಕದಲ್ಲಿ ಒಂದು ಚೀಲ ಮರಳು ಇರುತ್ತದೆ. ಬ್ಯಾಲೆನ್ಸ್ ವೈರ್ ಹಾಕಿಯೇ ಚಾರ್ಜ್ ಮಾಡಬೇಕು. 2200ರ ಬ್ಯಾಟರಿಗೆ 2.2 ಆಂಪ್ ಸಾಕು, ಖಾಲಿಯಿಂದ ತುಂಬಲು ಒಂದು ಗಂಟೆಯ ಆಸುಪಾಸು. ಒಂದು ಸೆಲ್ಲಿಗೆ 4.2 ವೋಲ್ಟ್ ಅಂದರೆ ತುಂಬಿದ ಹಾಗೆ. ಹಾರಿಸುವಾಗ ಸೆಲ್ಲಿಗೆ 3.5ರ ಹತ್ತಿರ ಬಂದರೆ ಇಳಿಸಬೇಕು, 3 ವೋಲ್ಟಿಗಿಂತ ಕೆಳಗೆ ಹೋದರೆ ಬ್ಯಾಟರಿ ಹಾಳು. ಒಂದು ವಾರ ಹಾರಿಸುವುದಿಲ್ಲ ಅಂದರೆ 3.8 ವೋಲ್ಟಿಗೆ ತಂದು ಇಡಬೇಕು. ತುಂಬಿಸಿ ಇಟ್ಟರೂ ಊದುತ್ತದೆ, ಖಾಲಿ ಇಟ್ಟರೂ ಊದುತ್ತದೆ. ನಿಮ್ಮ ಮಗನದ್ದು ಬಹುಶಃ ಪರೀಕ್ಷೆ ಹೊತ್ತಲ್ಲಿ ತುಂಬಿಸಿ ಮರೆತದ್ದು.

ಹವ್ಯಾಸ ಬಿಡಿಸಬೇಡಿ. ಚಾರ್ಜಿಂಗ್ ಜಾಗ ಬದಲಿಸಿದರೆ ಸಾಕು.

ನಿವೃತ್ತ ಮೇಷ್ಟ್ರು ನಾನು, 61 ವರ್ಷ. ಮೊಮ್ಮಗನ ಜೊತೆ ಕಲಿಯಲು ಹೊರಟೆ. ದೂರ ಹೋಗುವಾಗ ಸರಿಯಾಗಿ ಹಾರಿಸುತ್ತೇನೆ, ನನ್ನ ಕಡೆ ತಿರುಗಿದ ಕೂಡಲೇ ಎಡ ಬಲ ಅದಲುಬದಲಾಗಿ ತಲೆ ಕೆಡುತ್ತದೆ. ಕಣ್ಣೂ ಮೊದಲಿನ ಹಾಗಿಲ್ಲ. ಈ ವಯಸ್ಸಿಗೆ ಇದು ಬೇಡವೇನೋ? – ಹುಬ್ಬಳ್ಳಿ

ಬೇಕು ಮೇಷ್ಟ್ರೇ, ಖಂಡಿತ ಬೇಕು. ನಿಮ್ಮ ಪತ್ರ ಓದಿದಾಗ ನೆನಪಾದದ್ದು ಅಮೆರಿಕದ ಮೇನಾರ್ಡ್ ಹಿಲ್. 2003ರ ಆಗಸ್ಟಿನಲ್ಲಿ ಅವರ ತಂಡ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಬಾಲ್ಸಾ ಮರದ ಒಂದು ಮಾಡೆಲ್ ವಿಮಾನವನ್ನು ಬಿಟ್ಟಿತು. ಇಂಧನ ತುಂಬಿಯೂ 5 ಕಿಲೋ ದಾಟದ ವಿಮಾನ ಅದು. ಮೇಲೆ ಏರಿಸಿದ ಮೇಲೆ ಜಿಪಿಎಸ್ ನೋಡಿಕೊಂಡು ಆಟೋಪೈಲಟ್ ನಡೆಸಿತು, ಹಗಲು ರಾತ್ರಿ ಅಟ್ಲಾಂಟಿಕ್ ಸಾಗರದ ಮೇಲೆ. 38 ಗಂಟೆ 52 ನಿಮಿಷ ಆದ ಮೇಲೆ ಐರ್ಲೆಂಡಿನ ಕಡಲ ದಂಡೆಗೆ ಬಂತು, ಅಲ್ಲಿ ಕಾದಿದ್ದವರು ರೇಡಿಯೋ ಹಿಡಿದು ಇಳಿಸಿದರು. 3,000 ಕಿಲೋಮೀಟರಿಗಿಂತ ಜಾಸ್ತಿ ದೂರ. ಹಿಂದಿನ ವರ್ಷ ಬಿಟ್ಟ ವಿಮಾನಗಳು ದಡ ಮುಟ್ಟಿರಲಿಲ್ಲ, ಈ ಸಲ ಬಿಟ್ಟ ಮೊದಲನೆಯದೂ ಮುಟ್ಟಲಿಲ್ಲ, ಆದರೂ ಬಿಡಲಿಲ್ಲ. ಆಗ ಹಿಲ್ ಅವರಿಗೆ 77 ವರ್ಷ. ಕಣ್ಣು ಬಹುತೇಕ ಕಾಣುತ್ತಿರಲಿಲ್ಲ, ಕಿವಿಯೂ ಸರಿಯಾಗಿ ಕೇಳುತ್ತಿರಲಿಲ್ಲ. ವಿಮಾನ ಮಾಡಿದ್ದು ಕೈ ಮುಟ್ಟಿ ಮುಟ್ಟಿ ನೋಡಿ. ನಿಮಗೆ ಇನ್ನೂ 61.

ಈಗ ಎಡ ಬಲದ ವಿಷಯ. ಎಲ್ಲರಿಗೂ ಆಗುವ ತೊಂದರೆ ಇದು, ಇಪ್ಪತ್ತರ ಹುಡುಗರಿಗೂ ಆಗುತ್ತದೆ. ಒಂದು ಉಪಾಯ ಇದೆ. ವಿಮಾನ ನಿಮ್ಮ ಕಡೆ ಬರುತ್ತಿರುವಾಗ ಯಾವ ರೆಕ್ಕೆ ಕೆಳಗೆ ವಾಲಿದೆಯೋ ಕಡ್ಡಿಯನ್ನು ಆ ಕಡೆಗೇ ಸರಿಸಿ. ಬೀಳುತ್ತಿರುವ ಬಾಳೆಗಿಡಕ್ಕೆ ಕೋಲು ಆನಿಸುತ್ತೇವಲ್ಲ, ಹಾಗೆ, ಇಳಿದ ರೆಕ್ಕೆಗೆ ಕಡ್ಡಿ ಆಸರೆ ಕೊಡುವುದು. ಎಡ, ಬಲ ಅಂತ ಲೆಕ್ಕ ಹಾಕಬೇಡಿ. ಇಳಿದ ಕಡೆಗೆ ಕಡ್ಡಿ, ಅಷ್ಟೇ. ಇನ್ನೊಂದು, ಮೈಯನ್ನು ಸ್ವಲ್ಪ ವಿಮಾನ ಹೋಗುವ ದಿಕ್ಕಿಗೆ ತಿರುಗಿಸಿ ನಿಂತು ಭುಜದ ಮೇಲಿಂದ ನೋಡುತ್ತಾ ಹಾರಿಸಿದರೆ ತಲೆಗೆ ಸುಲಭ.

ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಮೊಮ್ಮಗನಿಗೆ ಹೇಳಿ ಸಿಮ್ಯುಲೇಟರ್ ಹಾಕಿಸಿಕೊಳ್ಳಿ. ಉಚಿತವಾಗಿ ಸಿಗುವವೂ ಇವೆ. ನಿಮ್ಮ ರೇಡಿಯೋವನ್ನೇ ಕೇಬಲ್ಲಿನಲ್ಲಿ ಜೋಡಿಸಿ ದಿನಕ್ಕೆ 20 ನಿಮಿಷ, ಒಂದು ತಿಂಗಳು, ಬರೀ ನಿಮ್ಮ ಕಡೆ ಬರುವ ವಿಮಾನವನ್ನು ಅಭ್ಯಾಸ ಮಾಡಿ. ಅಲ್ಲಿ ನೂರು ಸಲ ಬಿದ್ದರೂ ಖರ್ಚಿಲ್ಲ. ಕಣ್ಣಿಗಾಗಿ ವಿಮಾನ ಸ್ವಲ್ಪ ದೊಡ್ಡದು ಮಾಡಿ, ಒಂದೂವರೆ ಮೀಟರ್ ರೆಕ್ಕೆ. ದೊಡ್ಡದು ನಿಧಾನ ಹಾರುತ್ತದೆ, ಚೆನ್ನಾಗಿ ಕಾಣುತ್ತದೆ. ರೆಕ್ಕೆಯ ಮೇಲ್ಭಾಗಕ್ಕೆ ಕೇಸರಿ ಅಥವಾ ಹಳದಿ, ಕೆಳಭಾಗಕ್ಕೆ ಕಪ್ಪು ಪಟ್ಟೆ. ಆಕಾಶಕ್ಕೆ ಎದುರಾಗಿ ನೋಡುವಾಗ ಕಪ್ಪು ಕಾಣುವಷ್ಟು ಬೇರೆ ಬಣ್ಣ ಕಾಣಲ್ಲ. ಸೂರ್ಯ ಯಾವಾಗಲೂ ಬೆನ್ನಿಗಿರಲಿ.

ಬೆಂಗಳೂರಿನಲ್ಲಿ ನಮ್ಮ ಬಡಾವಣೆ ಮೈದಾನದಲ್ಲಿ ಹಾರಿಸಿದರೆ ಪೊಲೀಸರು ಹಿಡಿಯುತ್ತಾರೆ ಅಂತ ಹೆದರಿಸುತ್ತಾರೆ. ಇದು ಡ್ರೋನ್ ಅಲ್ಲವಲ್ಲ, ವಿಮಾನ. ಲೈಸೆನ್ಸ್ ಬೇಕಾ?

ನಾಲ್ಕು ಪ್ರೊಪೆಲರ್ ಇರಲಿ, ರೆಕ್ಕೆ ಇರಲಿ, ಕಾನೂನಿಗೆ ಎರಡೂ ಒಂದೇ: ಪೈಲಟ್ ಒಳಗೆ ಕೂರದ ವಿಮಾನ. 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು ನಮಗೂ ಅನ್ವಯಿಸುತ್ತವೆ. ಸಮಾಧಾನದ ಸುದ್ದಿ ಏನೆಂದರೆ ಅದರಲ್ಲಿ ಹವ್ಯಾಸದವರಿಗೆ ಅಂತಲೇ ಒಂದು ವರ್ಗ ಇದೆ. 25 ಕಿಲೋ ಒಳಗಿನ, ಕಣ್ಣಳತೆಯಲ್ಲೇ ಹಾರಿಸುವ, ಮನರಂಜನೆ ಅಥವಾ ಓದು ಸಂಶೋಧನೆಗೆ ಬಳಸುವ ಮಾಡೆಲ್. ಇದಕ್ಕೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಯ ವಿಮಾನಕ್ಕೆ ಕೊಡುವ ಒಪ್ಪಿಗೆ ಪತ್ರ) ಬೇಕಿಲ್ಲ. 2 ಕಿಲೋ ಒಳಗಿದ್ದು, ವ್ಯಾಪಾರಕ್ಕಲ್ಲದೆ ಹಾರಿಸುವುದಾದರೆ ಪೈಲಟ್ ಸರ್ಟಿಫಿಕೇಟೂ ಬೇಕಿಲ್ಲ. ಆದರೆ ವಿಮಾನ ನೋಂದಾಯಿಸಿ ಅದರ ಗುರುತಿನ ಸಂಖ್ಯೆ ಪಡೆಯಬೇಕು, 250 ಗ್ರಾಂ ದಾಟಿದರೆ ಥರ್ಡ್ ಪಾರ್ಟಿ ವಿಮೆಯೂ ಇರಬೇಕು.

ನಿಮಗೆ ನಿಜವಾದ ತೊಡಕು ಜಾಗದ್ದು. ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಅಂತ ಭಾಗ ಮಾಡಿದ್ದಾರೆ. ಹಸಿರಿನಲ್ಲಿ 400 ಅಡಿ ತನಕ ಅನುಮತಿ ಕೇಳಬೇಕಿಲ್ಲ, ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ದೂರದಲ್ಲಿದ್ದರೆ 200 ಅಡಿ ತನಕ ಮಾತ್ರ. ಹಳದಿಯಲ್ಲಿ ಏರ್ ಟ್ರಾಫಿಕ್ ಕಂಟ್ರೋಲಿನ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಏಳುವ ಹಾಗಿಲ್ಲ. ಈಗ ಬೆಂಗಳೂರು ನೋಡಿ: ದೇವನಹಳ್ಳಿ ಕಡೆ ಕೆಂಪೇಗೌಡ ನಿಲ್ದಾಣ, ಯಲಹಂಕದಲ್ಲಿ ವಾಯುಪಡೆ, ಜಕ್ಕೂರಿನಲ್ಲಿ ಫ್ಲೈಯಿಂಗ್ ಸ್ಕೂಲ್, ಪೂರ್ವಕ್ಕೆ ಎಚ್‌ಎಎಲ್. ಈ ನಾಲ್ಕರ ಸುತ್ತ ಗೆರೆ ಎಳೆದರೆ ಊರಿನ ಎಷ್ಟೋ ಭಾಗ ಅದರೊಳಗೇ ಬರುತ್ತದೆ. ಅದಕ್ಕೆ, ಹೊರಡುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ನಕ್ಷೆಯಲ್ಲಿ ನಿಮ್ಮ ಮೈದಾನ ಯಾವ ಬಣ್ಣದಲ್ಲಿದೆ ಅಂತ ನೋಡಿ. ನಕ್ಷೆ ಬದಲಾಗುತ್ತಿರುತ್ತದೆ, ಹೋದ ವರ್ಷ ನೋಡಿದ್ದು ಈ ವರ್ಷಕ್ಕೆ ಸಾಲದು.

ಬಣ್ಣ ಹಸಿರೇ ಇದ್ದರೂ ಬಡಾವಣೆ ಮೈದಾನ ಬೇಡ ಅನ್ನುತ್ತೇನೆ. ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ. 700 ಗ್ರಾಂನ ವಿಮಾನ, ಮುಂದೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ 10 ಇಂಚಿನ ಪ್ಲಾಸ್ಟಿಕ್ ಕತ್ತಿ. ನನ್ನ ಎಡಗೈ ಹೆಬ್ಬೆರಳಿನಲ್ಲಿ ಅದರದ್ದೇ ಗುರುತಿದೆ, ಮೇಜಿನ ಮೇಲೆ ಮೋಟರ್ ಟೆಸ್ಟ್ ಮಾಡುವಾಗ ಆದದ್ದು. ಆರು ಹೊಲಿಗೆ. ಅಂದಿನಿಂದ ಮನೆಯೊಳಗೆ ಪ್ರೊಪೆಲರ್ ಹಾಕಿ ಬ್ಯಾಟರಿ ಜೋಡಿಸುವುದಿಲ್ಲ, ನೀವೂ ಜೋಡಿಸಬೇಡಿ. ಊರಾಚೆ ಯಾರದಾದರೂ ಹೊಲ ಕೇಳಿ. ರಾಗಿ ಕೊಯ್ಲು ಆದ ಮೇಲೆ, ಡಿಸೆಂಬರ್ ಜನವರಿಯಲ್ಲಿ, ಕೂಳೆ ಬಿಟ್ಟ ಹೊಲಕ್ಕಿಂತ ಒಳ್ಳೆಯ ಮೈದಾನ ಕಲಿಯುವವರಿಗೆ ಇನ್ನೊಂದಿಲ್ಲ. ಮಣ್ಣು ಮೆತ್ತಗಿರುತ್ತದೆ, ಬೆಳಗ್ಗೆ ಒಂಬತ್ತರ ತನಕ ಗಾಳಿಯೇ ಇರುವುದಿಲ್ಲ. ಹೊಲದವರನ್ನು ಕೇಳಿಯೇ ಕಾಲಿಡಿ. ಮುರಿದ ಫೋಮ್ ಚೂರುಗಳನ್ನು ಒಂದೂ ಬಿಡದೆ ಹೆಕ್ಕಿ ತನ್ನಿ, ದನ ತಿಂದರೆ ಕಷ್ಟ.

ಆಷಾಢದ ಗಾಳಿಯಲ್ಲಿ ಗಾಳಿಪಟ ಹಾರುತ್ತದೆ, ವಿಮಾನ ಯಾಕೆ ಹಾರಿಸಬಾರದು? – ದೊಡ್ಡಬಳ್ಳಾಪುರ

ಗಾಳಿಪಟಕ್ಕೆ ದಾರ ಇದೆ. ನಿಮ್ಮ ಫೋಮ್ ವಿಮಾನ ಗಂಟೆಗೆ 30–35 ಕಿ.ಮೀ. ವೇಗದಲ್ಲಿ ಹಾರುತ್ತದೆ ಅನ್ನಿ. ಎದುರು ಗಾಳಿಯೂ ಅಷ್ಟೇ ಇದ್ದರೆ ಅದು ನಿಂತಲ್ಲೇ ನಿಲ್ಲುತ್ತದೆ, ಗಾಳಿ ಬೆನ್ನಿಗೆ ಸಿಕ್ಕರೆ ಕಣ್ಣೆದುರೇ ಪಕ್ಕದ ಊರಿಗೆ ಹೋಗುತ್ತದೆ. ಕಲಿಯುವ ತನಕ ಮರದ ಎಲೆ ಅಲ್ಲಾಡುವಷ್ಟು ಗಾಳಿ ಸಾಕು, ಕೊಂಬೆ ತೂಗಿದರೆ ಮನೆಗೆ ಬನ್ನಿ. ಆ ತಿಂಗಳು ಹೊಸದೊಂದು ರೆಕ್ಕೆ ಮಾಡಲು ಒಳ್ಳೆಯ ಹೊತ್ತು.

ಅಜ್ಜನ ಟ್ರಂಕಿನಲ್ಲಿ ಮುಷ್ಟಿಯೊಳಗೆ ಹಿಡಿಯುವಷ್ಟು ಪುಟ್ಟ ಎಂಜಿನ್ ಸಿಕ್ಕಿತು. ಸ್ಪಾರ್ಕ್ ಪ್ಲಗ್ ಇಲ್ಲ, ವೈರ್ ಇಲ್ಲ, ತಲೆಯ ಮೇಲೆ ಒಂದು ತಿರುಗಿಸುವ ಕಡ್ಡಿ ಇದೆ. ತಿರುಗದೆ ಹಿಡಿದುಕೊಂಡಿದೆ. ಏನಿದು? – ಬೆಳಗಾವಿ

ನಿಮ್ಮ ಪತ್ರ ಓದಿ ಎದ್ದು ನಿಂತೆ. ಅದು ಮಾಡೆಲ್ ಡೀಸೆಲ್ ಎಂಜಿನ್. ಕಿಡಿಯೇ ಬೇಕಿಲ್ಲ, ಒತ್ತಡದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ತಲೆಯ ಮೇಲಿನ ಕಡ್ಡಿ ಆ ಒತ್ತಡವನ್ನು ಹೆಚ್ಚು ಕಮ್ಮಿ ಮಾಡಲು. ಹೆಸರಿಗೆ ಡೀಸೆಲ್, ಹಾಕುವುದು ಬಂಕಿನ ಡೀಸೆಲ್ ಅಲ್ಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆ, ಸುಮಾರಾಗಿ ಸಮಪಾಲು. ಓಡಿದ ಮೇಲೆ ಮೈದಾನವೆಲ್ಲ ಹರಳೆಣ್ಣೆ ಸುಟ್ಟ ವಾಸನೆ ಬರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ.

ಹಿಡಿದುಕೊಂಡಿರುವುದು ಹೆಚ್ಚಾಗಿ ತುಕ್ಕಿನಿಂದಲ್ಲ, ಆ ಹರಳೆಣ್ಣೆಯಿಂದ. ವರ್ಷಗಳು ಕಳೆದಂತೆ ಅದು ಅಂಟಿನ ಹಾಗೆ ಗಟ್ಟಿಯಾಗುತ್ತದೆ. ಇಕ್ಕಳ ಹಾಕಿ ತಿರುಗಿಸಬೇಡಿ, ಒಳಗೆ ಏನಾದರೂ ಮುರಿದರೆ ಬದಲಿ ಸಿಗುವುದು ಕಷ್ಟ. ತಲೆಗೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿ ಗಾಳಿ ತೋರಿಸಿ, ಕೈಗೆ ಬಿಸಿ ತಾಗುವಷ್ಟು. ಅಂಟು ಮೆತ್ತಗಾದಾಗ ಪ್ರೊಪೆಲರ್ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಬಿಟ್ಟುಕೊಂಡ ಮೇಲೆ ಪೂರ್ತಿ ಆರಲು ಬಿಟ್ಟು, ತೆಳು ಎಣ್ಣೆ ನಾಲ್ಕು ಹನಿ ಹಾಕಿ. ಓಡಿಸುವುದು ಮಾತ್ರ ಗೊತ್ತಿರುವವರ ಜೊತೆಯೇ. ಈಥರ್ ಆವಿ ಬೇಗ ಹೊತ್ತಿಕೊಳ್ಳುತ್ತದೆ, ತಲೆಯೂ ತಿರುಗಿಸುತ್ತದೆ. ಅಜ್ಜನ ಟ್ರಂಕಿನಲ್ಲಿ ಹಳೇ ನಕ್ಷೆಗಳು, ಕಾಗದದ ಸುರುಳಿಗಳು ಇದ್ದರೆ ರದ್ದಿಗೆ ಹಾಕಬೇಡಿ. ದಯವಿಟ್ಟು ಫೋಟೋ ತೆಗೆದು ಕಳಿಸಿ.

ಎಂಜಿನಿಯರಿಂಗ್ ಮೊದಲ ವರ್ಷ. ಮನೆಯಲ್ಲಿ "ಹುಡುಗಿಗೆ ಇದೆಂಥ ಆಟಿಕೆ" ಅಂತಾರೆ. ಮುಂದೆ ಇದರಿಂದ ಉಪಯೋಗ ಇದೆಯಾ? – ಮಂಡ್ಯ

ಇದೆ ತಂಗೀ. ನಿಮ್ಮ ಕಾಲೇಜಿನಲ್ಲಿ ಎನ್‌ಸಿಸಿ ವಾಯುದಳ ಇದ್ದರೆ ಸೇರು, ಅಲ್ಲಿ ಏರೋಮಾಡೆಲಿಂಗ್ ತರಬೇತಿಯ ಭಾಗವೇ ಆಗಿದೆ. ಸಾಮಾನು ಅವರೇ ಕೊಡುತ್ತಾರೆ, ಕಲಿಸುತ್ತಾರೆ, ಸ್ಪರ್ಧೆಗಳೂ ಇವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಎಸ್‌ಎಇ ಇಂಡಿಯಾದ ಏರೋ ಡಿಸೈನ್ ಸ್ಪರ್ಧೆ ಇದೆ. ಕಡಿಮೆ ತೂಕದ ವಿಮಾನ ಮಾಡಿ ಜಾಸ್ತಿ ಭಾರ ಹೊರಿಸುವುದು ಅಲ್ಲಿನ ಸವಾಲು. ಒಂದು ತಂಡದಲ್ಲಿ ಕೆಲಸ ಮಾಡಿದರೆ ಪುಸ್ತಕದಲ್ಲಿ ಓದಿದ ಲಿಫ್ಟ್, ಡ್ರ್ಯಾಗ್ ಎಲ್ಲ ಬೆರಳಿಗೆ ಗೊತ್ತಾಗುತ್ತದೆ. ಅಪ್ಪ ಅಮ್ಮನನ್ನು ಒಂದು ಭಾನುವಾರ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗು. ಎಚ್‌ಎಎಲ್ ತಾನೇ ವಿನ್ಯಾಸ ಮಾಡಿ ಮೊದಲು ಸಾಲಾಗಿ ತಯಾರಿಸಿದ್ದು ದೊಡ್ಡ ಯುದ್ಧವಿಮಾನವನ್ನಲ್ಲ, ಎಚ್‌ಟಿ-2 ಎಂಬ ಪುಟ್ಟ ತರಬೇತಿ ವಿಮಾನವನ್ನು. ವಿ. ಎಂ. ಘಾಟಗೆ ಅವರ ತಂಡ ಮಾಡಿದ ಅದು 1951ರಲ್ಲಿ ಇದೇ ಬೆಂಗಳೂರಿನಲ್ಲಿ ಹಾರಿತು. ಇದನ್ನು ಅಪ್ಪನಿಗೆ ಹೇಳು.

ಮೇಲೆ ಹಾರುವಾಗ ಹದ್ದುಗಳು ವಿಮಾನದ ಸುತ್ತ ಬರುತ್ತವೆ. ಒಂದು ಸಲ ಕಾಲು ಚಾಚಿತು. ಏನು ಮಾಡಲಿ? – ಮೈಸೂರು

ಥ್ರಾಟಲ್ (ಮೋಟರಿನ ವೇಗ) ತಗ್ಗಿಸಿ, ಅದರಿಂದ ದೂರ ತಿರುಗಿಸಿ, ಇಳಿಸಿಬಿಡಿ. ಅದರ ಹಿಂದೆ ಓಡಿಸಿಕೊಂಡು ಹೋಗುವುದು, ಹೆದರಿಸಲು ನೋಡುವುದು ಬೇಡವೇ ಬೇಡ. ಪ್ರೊಪೆಲರ್ ತಾಗಿದರೆ ಹಕ್ಕಿಯ ರೆಕ್ಕೆ ಹೋಗುತ್ತದೆ. ನಮ್ಮ ರೆಕ್ಕೆಗೆ ಫೆವಿಕಾಲ್ ಇದೆ, ಅದಕ್ಕಿಲ್ಲ. ಹತ್ತಿರದ ಮರದಲ್ಲಿ ಗೂಡಿದ್ದರೆ ದಿನವೂ ಬರುತ್ತದೆ, ಆಗ ಮರಿ ಹಾರುವ ತನಕ ಬೇರೆ ಹೊಲ ಹುಡುಕಿಕೊಳ್ಳಿ. ಸುಮ್ಮನೆ ಜೊತೆಗೆ ಸುತ್ತು ಹಾಕುತ್ತಿದ್ದರೆ ಒಂದು ನಿಮಿಷ ನೋಡಿ ಇಳಿಸಿ. ಅದು ರೆಕ್ಕೆ ಬಡಿಯದೆ ಮೇಲೇರುತ್ತಿದೆ ಅಂದರೆ ಅಲ್ಲಿ ಬಿಸಿ ಗಾಳಿ ಮೇಲೇಳುತ್ತಿದೆ ಅಂತ ಅರ್ಥ. ಹಕ್ಕಿ ಹೋದ ಮೇಲೆ ಅದೇ ಜಾಗಕ್ಕೆ ವಿಮಾನ ಒಯ್ದು ಮೋಟರ್ ನಿಲ್ಲಿಸಿ ನೋಡಿ.